ಲೂಸಿಡ್ ನೋಂದಣಿಯಿಂದ ಗಾಜಿನ ತೊಟ್ಟಿಯವರೆಗೆ: ಜರ್ಮನಿಯ ಪ್ಯಾಕಿಂಗ್ ಹೊಣೆಗಾರಿಕೆ ಸೇವೆ ಹೇಗಿದೆ?

ಕೊಡಗಿನ ಕಾಫಿಪುಡಿಯನ್ನು ಗಾಜಿನ ಜಾಡಿಗೆ ತುಂಬಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬರ್ಲಿನ್ನಿನ ಗಿರಾಕಿಯ ಮನೆಗೆ ನೇರವಾಗಿ ಪಾರ್ಸೆಲ್ ಕಳಿಸಿದರೆ, ಆ ಜಾಡಿ ಮತ್ತು ಪೆಟ್ಟಿಗೆ ಕಸವಾದ ಮೇಲಿನ ಖರ್ಚೂ ಕಳಿಸಿದವರದ್ದೇ. ಜರ್ಮನಿಯ ಕಾನೂನು ಇದನ್ನು ಮೊದಲ ಪಾರ್ಸೆಲ್‌ನಿಂದಲೇ ಹೇಳುತ್ತದೆ. ಇಷ್ಟು ಕಿಲೋವರೆಗೆ ಮಾಫಿ ಎಂಬ ಮಾತೇ ಇಲ್ಲ. ಚನ್ನಪಟ್ಟಣದ ಗೊಂಬೆಯಿರಲಿ, ಉಪ್ಪಿನಕಾಯಿಯಿರಲಿ, ಅಗರಬತ್ತಿಯಿರಲಿ, ಅಮೆಜಾನ್ ಅಥವಾ ಎಟ್ಸಿ ಮೂಲಕ ಜರ್ಮನಿಗೆ ಮಾರುವ ಕರ್ನಾಟಕದ ಸಣ್ಣ ವ್ಯಾಪಾರಿಗಳು ಲೂಸಿಡ್ ಎಂಬ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ, ಕಸ ಎತ್ತುವ ಕಂಪನಿಗೆ ಶುಲ್ಕ ಕಟ್ಟಿ ಈ ವ್ಯವಸ್ಥೆಯ ಗಿರಾಕಿಗಳಾಗಲೇಬೇಕು. ಆದ್ದರಿಂದ ಅದನ್ನು ಗಿರಾಕಿಯ ಕಣ್ಣಿನಿಂದಲೇ ನೋಡಬೇಕು: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಎಲ್ಲಿ ಕೈ ಸುಡುತ್ತದೆ, ಆ ಜಾಡಿ ಕೊನೆಗೆ ನಿಜವಾಗಿಯೂ ಇನ್ನೊಂದು ಜಾಡಿಯಾಗುತ್ತದೆಯೇ?

ಮೊದಲೇ ತೀರ್ಪು ಹೇಳುವುದಾದರೆ, ಇದು ಅಗ್ಗದ, ಅಚ್ಚುಕಟ್ಟಾದ ಮತ್ತು ನಂಬಬಹುದಾದ ಸೇವೆ. ಕೆಡುವುದು ಮುಖ್ಯವಾಗಿ ಎರಡೇ ಕಡೆ. ಒಂದು ಮಾರಾಟಗಾರನ ತಕ್ಕಡಿ, ಇನ್ನೊಂದು ಮನೆಯಲ್ಲಿ ಕಸ ಎಸೆಯುವ ಕೈ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಈಗಿನ ನಿಯಮಗಳ ಬಿಗಿ ಯಾಕೆಂದು ಅರ್ಥವಾಗುತ್ತದೆ. ಪ್ಯಾಕಿಂಗ್ ತಯಾರಿಸಿ ಮಾರುವವರೇ ಅದನ್ನು ವಾಪಸು ಪಡೆಯುವ ಹೊಣೆ ಹೊರಬೇಕೆಂದು ಜರ್ಮನಿ 1991ರಲ್ಲಿ ನಿಯಮ ಮಾಡಿತು. ಕ್ಲಾಸ್ ಟಾಪ್ಫರ್ ಆಗ ಪರಿಸರ ಸಚಿವರು. ಪ್ರತಿ ಅಂಗಡಿಯೂ ಖಾಲಿ ಡಬ್ಬ ವಾಪಸು ತೆಗೆದುಕೊಳ್ಳುವುದು ಆಗದ ಮಾತಾದ್ದರಿಂದ ಉದ್ಯಮಗಳು ಸೇರಿ ನಗರಪಾಲಿಕೆಯ ಕಸ ವ್ಯವಸ್ಥೆಯ ಪಕ್ಕದಲ್ಲೇ ಎರಡನೆಯದೊಂದನ್ನು ಕಟ್ಟಿದವು. ‘ಡುಯಲ್ ಸಿಸ್ಟಂ’ ಎಂಬ ಹೆಸರು ಬಂದದ್ದು ಹಾಗೆ. ಹಸಿರು ಚುಕ್ಕೆಯ ಗುರುತು ಅದರದ್ದೇ. ಎರಡೇ ವರ್ಷದಲ್ಲಿ, 1993ರಲ್ಲಿ, ಅದು ದಿವಾಳಿಯ ಅಂಚಿಗೆ ಬಂದು ನಿಂತಿತು. ಪ್ಯಾಕಿಂಗ್ ಮೇಲೆ ಗುರುತು ಹಾಕಿಕೊಂಡು ಹಣ ಕಟ್ಟದವರು, ಕಡಿಮೆ ತೂಕ ತೋರಿಸಿದವರು ಬೇಕಾದಷ್ಟಿದ್ದರು, ಕಸವೋ ಅಂದಾಜಿಗಿಂತ ಹೆಚ್ಚೇ ಬಂತು. ಬಿಟ್ಟಿ ಸವಾರರ ಕಾಟ ಆಮೇಲೂ ನಿಲ್ಲಲಿಲ್ಲ. 2019ರ ಜನವರಿ 1ರಂದು ಜಾರಿಗೆ ಬಂದ ಪ್ಯಾಕಿಂಗ್ ಕಾಯ್ದೆ ಅದಕ್ಕೆ ಹಾಕಿದ ಬೀಗವೇ ಲೂಸಿಡ್. ಓಸ್ನಾಬ್ರುಕ್ ನಗರದಲ್ಲಿರುವ ಕೇಂದ್ರ ಪ್ಯಾಕಿಂಗ್ ನೋಂದಣಿ ಸಂಸ್ಥೆ ನಡೆಸುವ ಈ ಪಟ್ಟಿ ಸಾರ್ವಜನಿಕರಿಗೆ ತೆರೆದಿದೆ. ಪಕ್ಕದ ಅಂಗಡಿಯವನು ನೋಂದಾಯಿಸಿದ್ದಾನೋ ಇಲ್ಲವೋ ಯಾರು ಬೇಕಾದರೂ ಹುಡುಕಿ ನೋಡಬಹುದು. ಕಳ್ಳಾಟ ತಡೆಯಲು ಇದಕ್ಕಿಂತ ಸರಳ ಉಪಾಯ ಕಾಣೆವು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಸರಕನ್ನು ಜರ್ಮನಿಯ ಆಮದುದಾರರಿಗೆ ಸಗಟಾಗಿ ಮಾರಿ, ಗಡಿ ದಾಟುವಾಗ ಸರಕಿನ ಕಾನೂನು ಹೊಣೆ ಅವರದೇ ಆಗಿದ್ದರೆ, ಪ್ಯಾಕಿಂಗ್ ಹೊಣೆಯೂ ಅವರದೇ. ಮನೆಬಾಗಿಲಿಗೆ ನೇರ ಕಳಿಸುವವರಿಗಷ್ಟೇ ಮುಂದಿನ ಕೆಲಸವೆಲ್ಲ.

ಲೂಸಿಡ್ ನೋಂದಣಿಗೆ ಶುಲ್ಕವಿಲ್ಲ. ಜರ್ಮನ್ ಜೊತೆಗೆ ಇಂಗ್ಲಿಷಿನಲ್ಲೂ ಇದೆ. ಮೊದಲು ಲಾಗಿನ್ ಖಾತೆ ತೆರೆದು ಇಮೇಲ್‌ಗೆ ಬರುವ ಕೊಂಡಿಯಿಂದ ದೃಢಪಡಿಸಬೇಕು. ಆಮೇಲೆ ಸಂಸ್ಥೆಯ ಹೆಸರು, ವಿಳಾಸ, ವ್ಯಾಪಾರ ನೋಂದಣಿ ಸಂಖ್ಯೆ, ತೆರಿಗೆ ಸಂಖ್ಯೆ, ಪ್ಯಾಕಿಂಗ್ ಬಗೆ ಮತ್ತು ಬ್ರಾಂಡ್ ಹೆಸರುಗಳನ್ನು ತುಂಬಬೇಕು. ಕಾಗದಪತ್ರ ಕೈಯಲ್ಲಿದ್ದರೆ ಒಂದೇ ಕೂರಿಕೆಯಲ್ಲಿ ಮುಗಿಯುವ ಕೆಲಸ. ಬ್ರಾಂಡ್ ಕಾಲಂನಲ್ಲಿ ಬಹಳ ಮಂದಿ ಎಡವುತ್ತಾರೆ: ಕಾಫಿಗೊಂದು ಹೆಸರು, ಮಸಾಲೆಗೊಂದು ಹೆಸರು ಇಟ್ಟುಕೊಂಡಿದ್ದರೆ ಎರಡನ್ನೂ ಬರೆಯಬೇಕು, ಬ್ರಾಂಡೇ ಇಲ್ಲದಿದ್ದರೆ ಸಂಸ್ಥೆಯ ಹೆಸರನ್ನೇ ಹಾಕಬೇಕು. ಕೊನೆಗೆ ‘ಡಿಇ’ ಅಕ್ಷರಗಳಿಂದ ಶುರುವಾಗುವ ನೋಂದಣಿ ಸಂಖ್ಯೆ ಸಿಗುತ್ತದೆ. “ನೋಂದಣಿ ನಾವೇ ಮಾಡಿಕೊಡುತ್ತೇವೆ, ಇಷ್ಟು ಯೂರೋ ಕೊಡಿ” ಎನ್ನುವ ಏಜೆಂಟರಿಂದ ದೂರವಿರಿ. ಜರ್ಮನ್ ಕಾಯ್ದೆಯ ಪ್ರಕಾರ ನೋಂದಣಿಯನ್ನು ಉತ್ಪಾದಕ, ಅಂದರೆ ಇಲ್ಲಿ ಸರಕು ಕಳಿಸುವ ಮಾರಾಟಗಾರ, ತಾನೇ ಮಾಡಬೇಕು, ಅದನ್ನು ಮೂರನೆಯವರಿಗೆ ವಹಿಸುವಂತಿಲ್ಲ.

ಸಂಖ್ಯೆ ಸಿಕ್ಕಿತೆಂದು ಕೆಲಸ ಮುಗಿದಂತಲ್ಲ. ಅತಿ ದೊಡ್ಡ ತಪ್ಪು ತಿಳಿವಳಿಕೆ ಇದೇ. ಲೂಸಿಡ್ ಬರೀ ಹಾಜರಿ ಪುಸ್ತಕ. ಕಸ ಎತ್ತುವವರು ಡುಯಲ್ ಸಿಸ್ಟಂ ಕಂಪನಿಗಳು, ಅವರೊಡನೆ ಬೇರೆಯೇ ಒಪ್ಪಂದ ಆಗಬೇಕು. ಈಗ ಇಂಥ ಕಂಪನಿಗಳು ಹಲವು ಇವೆ: ಡೆರ್ ಗ್ರ್ಯೂನೆ ಪುಂಕ್ಟ್, ಇಂಟರ್‌ಜೀರೋ, ಲ್ಯಾಂಡ್‌ಬೆಲ್, ರೀಕ್ಲೇ, ನೋವೆಂಟಿಸ್, ಬೆಲ್ಲಾಂಡ್‌ವಿಷನ್ ಇತ್ಯಾದಿ. ಸಣ್ಣ ವ್ಯಾಪಾರಿಗಳಿಗೆಂದೇ ಆನ್‌ಲೈನ್ ಅಂಗಡಿ ತೆರೆದವರೂ ಇದ್ದಾರೆ. ವಸ್ತುವಾರು ಕಿಲೋ ತುಂಬಿದರೆ ಬೆಲೆ ಅಲ್ಲೇ ಕಾಣುತ್ತದೆ. ಕಿಲೋ ಲೆಕ್ಕದಲ್ಲಿ ಗಾಜು ಅತ್ಯಂತ ಅಗ್ಗ, ಕಾಗದ-ರಟ್ಟು ಅದಕ್ಕಿಂತ ತುಸು ದುಬಾರಿ, ಪ್ಲಾಸ್ಟಿಕ್ ಮತ್ತು ಅಂಟಿಕೊಂಡ ಮಿಶ್ರ ವಸ್ತುಗಳು ಹಲವು ಪಟ್ಟು ದುಬಾರಿ. ಯಾವ ಕಂಪನಿಯನ್ನು ಆರಿಸಿದರೂ ಗಾಜು ಹೋಗುವುದು ಬೀದಿಯ ಅದೇ ತೊಟ್ಟಿಗೆ. ಆದ್ದರಿಂದ ಬೆಲೆ, ಕನಿಷ್ಠ ಶುಲ್ಕ ಮತ್ತು ವರ್ಷಾಂತ್ಯದಲ್ಲಿ ತೂಕ ತಿದ್ದುವ ಸೌಕರ್ಯ, ಈ ಮೂರನ್ನಷ್ಟೇ ಹೋಲಿಸಿ ನೋಡಿದರೆ ಸಾಕು.

ಈಗ ತಕ್ಕಡಿಯ ವಿಷಯ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಉದಾಹರಣೆಗೆ ಒಂದು ಪಾರ್ಸೆಲ್ ಹೀಗಿದೆ ಎನ್ನೋಣ: ಖಾಲಿ ಗಾಜಿನ ಜಾಡಿ 190 ಗ್ರಾಂ, ಅದಕ್ಕಂಟಿದ ಕಾಗದದ ಚೀಟಿ 1 ಗ್ರಾಂ, ತಗಡಿನ ಮುಚ್ಚಳ 9 ಗ್ರಾಂ, ಜಾಡಿ ಕೂರುವ ಸಣ್ಣ ರಟ್ಟಿನ ಡಬ್ಬಿ 24 ಗ್ರಾಂ, ಹೊರಪೆಟ್ಟಿಗೆ 140 ಗ್ರಾಂ, ಒಳಗೆ ತುಂಬಿದ ಕಾಗದ 35 ಗ್ರಾಂ, ಕಾಗದದ ಟೇಪು 3 ಗ್ರಾಂ. ಚೀಟಿ ಕೈಯಿಂದ ಸುಲಭಕ್ಕೆ ಬಿಡಿಸಿ ಬರುವುದಿಲ್ಲ. ಹೀಗೆ ಅಂಟಿಕೊಂಡ ಕಡೆ ಮುಖ್ಯ ವಸ್ತು ಒಟ್ಟು ತೂಕದ 95 ಶೇಕಡಾಕ್ಕಿಂತ ಹೆಚ್ಚಿದ್ದರೆ ಇಡಿಯಾಗಿ ಆ ವಸ್ತುವಿನ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಜಾಡಿ ಮತ್ತು ಚೀಟಿ ಸೇರಿ ಗಾಜು 191 ಗ್ರಾಂ. ಮುಚ್ಚಳ ತಿರುಗಿಸಿದರೆ ಬೇರೆಯಾಗುತ್ತದೆ, ಹಾಗಾಗಿ ಅದು ಪ್ರತ್ಯೇಕವಾಗಿ ಕಬ್ಬಿಣದ ಲೆಕ್ಕ. ಉಳಿದ 202 ಗ್ರಾಂ ಕಾಗದ. ವರ್ಷಕ್ಕೆ 400 ಪಾರ್ಸೆಲ್ ಹೋದರೆ ಗಾಜು 76.4 ಕಿಲೋ, ಕಬ್ಬಿಣ 3.6 ಕಿಲೋ, ಕಾಗದ 80.8 ಕಿಲೋ. ಗಾಜಿನ ಸರಕು ಮಾರುವವರ ಲೆಕ್ಕದಲ್ಲೂ ಕಾಗದವೇ ಮುಂದೆ ನಿಂತಿದ್ದನ್ನು ನೋಡಿ. ಹೊರಪೆಟ್ಟಿಗೆಯನ್ನೂ ಒಳತುಂಬು ಕಾಗದವನ್ನೂ ಮರೆತು ಬರೀ ಜಾಡಿ ತೋರಿಸಿದರೆ ಅರ್ಧಕ್ಕಿಂತ ಹೆಚ್ಚು ತೂಕ ಬಚ್ಚಿಟ್ಟಂತೆ ಆಗುತ್ತದೆ.

ತೂಕ ಮಾಡುವಾಗ ನಮ್ಮ ಕಡೆಯ ಒಂದು ತೊಂದರೆ ಜರ್ಮನ್ ಕೈಪಿಡಿಗಳಲ್ಲಿ ಸಿಗುವುದಿಲ್ಲ. ರಟ್ಟು ಗಾಳಿಯ ತೇವ ಹೀರುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರಿನ ಗೋದಾಮಿನಲ್ಲಿ ತೂಗಿದ ಪೆಟ್ಟಿಗೆ ಫೆಬ್ರವರಿಯಲ್ಲಿ ತೂಗಿದ್ದಕ್ಕಿಂತ ಭಾರ ಬರುತ್ತದೆ. ಹತ್ತು ಪೆಟ್ಟಿಗೆಗಳನ್ನು ಒಟ್ಟಿಗೆ ಒಣ ದಿನದಲ್ಲಿ ತೂಗಿ ಹತ್ತರಿಂದ ಭಾಗಿಸಿ, ಆ ಸಂಖ್ಯೆಯನ್ನು ದಿನಾಂಕದೊಡನೆ ಬರೆದಿಡಿ. ಪ್ರಶ್ನೆ ಬಂದಾಗ ಈ ಪುಟವೇ ಕಾಪಾಡುವುದು. ಪೆಟ್ಟಿಗೆ ಪೂರೈಸುವವರು ಪದರದ ಸಂಖ್ಯೆ ಅಥವಾ ಕಾಗದದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಅಳತೆ) ಬದಲಾಯಿಸಿದರೆ ಮತ್ತೆ ತೂಗಬೇಕು. ಅಂಗಡಿಯಲ್ಲಿ ಉಳಿದ ಹಳೆಯ ಪೆಟ್ಟಿಗೆಗಳನ್ನೇ ಬಳಸಿದರೆ ಲೆಕ್ಕ ಕೊಡುವುದು ತಪ್ಪಿತು ಅಂದುಕೊಳ್ಳಬೇಡಿ. ಭಾರತದಲ್ಲಿ ಒಮ್ಮೆ ಬಳಸಿದ ಪೆಟ್ಟಿಗೆಗೆ ಜರ್ಮನಿಯಲ್ಲಿ ಯಾರೂ ಶುಲ್ಕ ಕಟ್ಟಿಲ್ಲ, ಆ ಮಾರುಕಟ್ಟೆಗೆ ಅದು ಹೊಸದೇ.

ಒಪ್ಪಂದವಾದ ಮೇಲೆ ಅದೇ ತೂಕವನ್ನು ಎರಡು ಕಡೆ ಒಪ್ಪಿಸಬೇಕು, ಒಮ್ಮೆ ಕಂಪನಿಗೆ, ಇನ್ನೊಮ್ಮೆ ಲೂಸಿಡ್‌ನಲ್ಲಿ. ಲೂಸಿಡ್‌ನ ನಮೂನೆಯಲ್ಲಿ ಕಂಪನಿಯ ಹೆಸರು, ಅವಧಿ, ವಸ್ತು, ಕಿಲೋ ತುಂಬುವಾಗ ಒಂದು ದಶಮಾಂಶವೂ ಬೇರೆಯಾಗಬಾರದು. ಕಂಪನಿಗಳೂ ತಮ್ಮ ಗಿರಾಕಿಗಳ ತೂಕವನ್ನು ಅದೇ ಸಂಸ್ಥೆಗೆ ಒಪ್ಪಿಸುತ್ತವೆ, ಎರಡು ಪಟ್ಟಿ ತಾಳೆಯಾಗದಿದ್ದರೆ ಪ್ರಶ್ನೆ ಬರುತ್ತದೆ. ವರ್ಷದ ಶುರುವಿನಲ್ಲಿ ಕೊಡುವುದು ಅಂದಾಜು, ವರ್ಷ ಮುಗಿದ ಮೇಲೆ ನಿಜ ಲೆಕ್ಕ. ಇಲ್ಲಿ ಒಂದು ಚಿಹ್ನೆಯ ಬಲೆ ಇದೆ. ಜರ್ಮನ್ ಬರವಣಿಗೆಯಲ್ಲಿ ಅಲ್ಪವಿರಾಮವೇ ದಶಮಾಂಶ, ಚುಕ್ಕೆ ಸಾವಿರದ ಗುರುತು. ಅಲ್ಲಿನ ‘76,400’ ಎಂದರೆ ಎಪ್ಪತ್ತಾರು ಕಿಲೋ ನಾನೂರು ಗ್ರಾಂ, ನಮ್ಮ ಕಣ್ಣಿಗೆ ಎಪ್ಪತ್ತಾರು ಸಾವಿರದ ನಾನೂರು. ಕಳಿಸುವ ಗುಂಡಿ ಒತ್ತುವ ಮೊದಲು ಒಟ್ಟು ತೂಕವನ್ನು ಪಾರ್ಸೆಲ್ ಸಂಖ್ಯೆಯಿಂದ ಭಾಗಿಸಿ ನೋಡಿ. ಮೇಲಿನ ಉದಾಹರಣೆಯಲ್ಲಿ ಪಾರ್ಸೆಲ್‌ಗೆ 402 ಗ್ರಾಂ ಬರಬೇಕು, ನಾಲ್ಕು ಕ್ವಿಂಟಲ್ ಬಂದರೆ ಚುಕ್ಕೆ ತಪ್ಪಿದೆ.

ದೊಡ್ಡ ಉದ್ಯಮಗಳು ಇದರ ಮೇಲೆ ಲೆಕ್ಕಪರಿಶೋಧಕರ ದೃಢೀಕರಣವನ್ನೂ ಮೇ 15ರೊಳಗೆ ಕೊಡಬೇಕು. ಗಾಜು 80,000 ಕಿಲೋ, ಕಾಗದ-ರಟ್ಟು 50,000 ಕಿಲೋ, ಉಳಿದ ವಸ್ತುಗಳು ಸೇರಿ 30,000 ಕಿಲೋ, ಇವುಗಳಲ್ಲಿ ಒಂದನ್ನಾದರೂ ದಾಟಿದವರಿಗೆ ಆ ಕಟ್ಟಳೆ. ಸಣ್ಣವರು ಅದನ್ನು ಮರೆತುಬಿಡಬಹುದು. ದಂಡವನ್ನು ಮಾತ್ರ ಮರೆಯುವಂತಿಲ್ಲ: ನೋಂದಣಿ ಇಲ್ಲದಿದ್ದರೆ 1 ಲಕ್ಷ ಯೂರೋವರೆಗೆ, ಸಿಸ್ಟಂಗೆ ಸೇರದಿದ್ದರೆ 2 ಲಕ್ಷ ಯೂರೋವರೆಗೆ. ಜೊತೆಗೆ ಅಂಥ ಸರಕು ಮಾರುವುದೇ ನಿಷಿದ್ಧ. 2022ರ ಜುಲೈಯಿಂದ ಆನ್‌ಲೈನ್ ಮಾರುಕಟ್ಟೆಗಳೂ ಗೋದಾಮು-ಪ್ಯಾಕಿಂಗ್ ಸೇವೆಯವರೂ ಮಾರಾಟಗಾರರ ನೋಂದಣಿ ಪರಿಶೀಲಿಸಬೇಕಾದ್ದರಿಂದ, ದಂಡದ ಚೀಟಿಗೂ ಮೊದಲು ಖಾತೆಯೇ ಮುಚ್ಚಿರುತ್ತದೆ. ಲೂಸಿಡ್‌ನಲ್ಲಿ ‘ಆ್ಯಂಡ್ ಸನ್ಸ್’ ಎಂದು ಬರೆದು ಮಾರುಕಟ್ಟೆಯ ಖಾತೆಯಲ್ಲಿ ಬಿಟ್ಟರೆ ಸಂಖ್ಯೆ ಸರಿಯಿದ್ದರೂ ತಿರಸ್ಕಾರವಾಗುವುದುಂಟು. ಹೆಸರು ಅಕ್ಷರಶಃ ಒಂದೇ ಇರಲಿ. ಇನ್ನೊಂದು ಮಾತು: ಸರಕನ್ನು ಜರ್ಮನಿಯ ಗೋದಾಮಿನಲ್ಲಿಟ್ಟು ಅವರಿಂದಲೇ ಪಾರ್ಸೆಲ್ ಕಟ್ಟಿಸಿದರೂ ಕಾನೂನಿನ ಪ್ರಕಾರ ಆ ಹೊರಪೆಟ್ಟಿಗೆಯ ಹೊಣೆ ಸರಕಿನ ಮಾಲೀಕನದ್ದೇ. ಗೋದಾಮಿನವರಿಂದ ಪೆಟ್ಟಿಗೆಯ ತೂಕದ ಪಟ್ಟಿ ಕೇಳಿ ಪಡೆಯಿರಿ.

ಇಷ್ಟು ಕಟ್ಟಿದ ಮೇಲೆ ಜಾಡಿಗೆ ಏನಾಗುತ್ತದೆ? ಈ ಸೇವೆಯ ಅತ್ಯುತ್ತಮ ಭಾಗ ಇಲ್ಲಿಂದ ಶುರು.

ಜರ್ಮನಿಯ ಬಡಾವಣೆಗಳಲ್ಲಿ ಮೂರು ತೊಟ್ಟಿಗಳು ಸಾಲಾಗಿ ನಿಂತಿರುತ್ತವೆ: ಬಿಳಿ (ಬಣ್ಣವಿಲ್ಲದ) ಗಾಜು, ಹಸಿರು ಗಾಜು, ಕಂದು ಗಾಜು. ಎಲ್ಲವನ್ನೂ ಒಂದೇ ಲಾರಿ ಎತ್ತಿಕೊಂಡು ಹೋಗುವುದನ್ನು ನೋಡಿ “ಕೊನೆಗೆ ಕಲಸಿಬಿಡುತ್ತಾರೆ” ಎಂದು ಹೇಳುವವರಿದ್ದಾರೆ. ಲಾರಿಯೊಳಗೆ ಅಡ್ಡಗೋಡೆಗಳಿವೆ, ಬಣ್ಣ ಬೇರೆಬೇರೆಯೇ ಹೋಗುತ್ತದೆ. ಬಣ್ಣಕ್ಕೆ ಇಷ್ಟು ಮಹತ್ವ ಯಾಕೆಂದರೆ ಕುಲುಮೆಯಲ್ಲಿ ಕರಗಿದ ಗಾಜಿನಿಂದ ಬಣ್ಣ ತೆಗೆಯಲಾಗುವುದಿಲ್ಲ. ಹಸಿರು ಬರುವುದು ಕ್ರೋಮಿಯಂನಿಂದ, ಕಂದು ಬರುವುದು ಕಬ್ಬಿಣ ಮತ್ತು ಗಂಧಕದಿಂದ. ಬಿಳಿ ಗಾಜಿಗೆ ಸ್ವಲ್ಪ ಹಸಿರು ಬಿದ್ದರೂ ಇಡೀ ಪಾಕ ಮಾಸಲಾಗುತ್ತದೆ. ಹಸಿರು ಗಾಜು ಮಾತ್ರ ಬೇರೆ ಬಣ್ಣವನ್ನು ಹೆಚ್ಚು ಸಹಿಸುತ್ತದೆ. ನೀಲಿ, ಕೆಂಪು ಬಾಟಲಿಗಳನ್ನು ಹಸಿರು ತೊಟ್ಟಿಗೆ ಹಾಕಿ ಎನ್ನುವುದು ಅದಕ್ಕೇ.

ವಿಂಗಡಣೆ ಘಟಕದಲ್ಲಿ ಅಯಸ್ಕಾಂತ ತಗಡಿನ ಮುಚ್ಚಳಗಳನ್ನು ಸೆಳೆಯುತ್ತದೆ, ಎಡ್ಡಿ ಕರೆಂಟ್ ಯಂತ್ರ ಅಲ್ಯೂಮಿನಿಯಂ ಹಾರಿಸುತ್ತದೆ, ಗಾಳಿ ಹೀರುವ ಕೊಳವೆ ಕಾಗದ ಮತ್ತು ಬೆಂಡು ಎತ್ತುತ್ತದೆ. ಆಮೇಲೆ ಚೂರುಗಳು ಬೆಳಕಿನ ಸಂವೇದಕಗಳ ಮುಂದೆ ತೆಳ್ಳಗೆ ಸುರಿಯುತ್ತವೆ, ಬೆಳಕು ದಾಟದ ಚೂರನ್ನೂ ಬೇರೆ ಬಣ್ಣದ ಚೂರನ್ನೂ ಸಣ್ಣ ಗಾಳಿಯ ಏಟು ಪಕ್ಕಕ್ಕೆ ತಳ್ಳುತ್ತದೆ. ಈ ಜಾಲ ತಪ್ಪಿಸಿಕೊಳ್ಳುವ ಶತ್ರುಗಳು ಮನೆಯಿಂದಲೇ ಬರುತ್ತವೆ. ಒಡೆದ ಪಿಂಗಾಣಿ ಕಪ್ಪಿನ ಚೂರು ಗಾಜಿನ ಕುಲುಮೆಯ 1,500-1,600 ಡಿಗ್ರಿ ಶಾಖದಲ್ಲೂ ಕರಗದೆ ಹೊಸ ಬಾಟಲಿಯ ಗೋಡೆಯಲ್ಲಿ ಕಲ್ಲಿನಂತೆ ಕೂರುತ್ತದೆ. ಸೋಡಾ ತುಂಬುವ ಒತ್ತಡಕ್ಕೆ ಬಾಟಲಿ ಒಡೆಯುವುದು ಅಲ್ಲಿಂದಲೇ. ಓವನ್‌ಗೆ ಇಡುವ ಬೋರೋಸಿಲಿಕೇಟ್ ಬಟ್ಟಲು ಇನ್ನೂ ಅಪಾಯಕಾರಿ: ನೋಡಲು ಥೇಟ್ ಬಿಳಿ ಗಾಜು, ಬೆಳಕೂ ದಾಟುತ್ತದೆ, ಆದರೆ ಅದಕ್ಕೆ ಹೆಚ್ಚಿನ ಶಾಖ ಬೇಕಾದ್ದರಿಂದ ಪಾಕದಲ್ಲಿ ಗಂಟುಗಂಟಾಗಿ ಉಳಿಯುತ್ತದೆ. ಕುಡಿಯುವ ಲೋಟ, ಕನ್ನಡಿ, ಕಿಟಕಿ ಗಾಜು, ಸೀಸವಿರುವ ಕ್ರಿಸ್ಟಲ್ ಯಾವುದೂ ಈ ತೊಟ್ಟಿಗೆ ಸೇರದು. ತೊಟ್ಟಿಯ ಖರ್ಚು ಕೊಟ್ಟಿರುವುದು ಪ್ಯಾಕಿಂಗ್ ಗಾಜಿಗೆ ಮಾತ್ರ.

ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಒಂದು ಸಮಾಧಾನದ ಸುದ್ದಿ: ಉಪ್ಪಿನಕಾಯಿ ಜಾಡಿಯನ್ನು ಬಿಸಿನೀರು, ಸೋಪು ಹಾಕಿ ತೊಳೆಯಬೇಕಿಲ್ಲ. ಚಮಚದಿಂದ ಕೆರೆದು ಖಾಲಿ ಮಾಡಿದರೆ ಸಾಕು. ಚೀಟಿ ಇರಲಿ. ಮುಚ್ಚಳ ಬಿಚ್ಚಿ, ಪ್ಲಾಸ್ಟಿಕ್ ಮತ್ತು ಲೋಹದ ಪ್ಯಾಕಿಂಗ್ ಹಾಕುವ ಹಳದಿ ಚೀಲಕ್ಕೆ ಹಾಕುವುದು ಒಳ್ಳೆಯದು. ಬಿಯರ್ ಬಾಟಲಿಯ 8 ಸೆಂಟ್, ಮಿನರಲ್ ವಾಟರ್ ಗಾಜಿನ ಬಾಟಲಿಯ 15 ಸೆಂಟ್ ಠೇವಣಿ ಇರುವವನ್ನು ಮಾತ್ರ ಎಂದೂ ಇಲ್ಲಿ ಎಸೆಯಬೇಡಿ. ಅಂಥ ಬಾಟಲಿ ತೊಳೆಸಿಕೊಂಡು 50 ಸಲದವರೆಗೂ ತಿರುಗಬಲ್ಲದು, ತೊಟ್ಟಿಗೆ ಬಿದ್ದರೆ ಮೊದಲ ಸುತ್ತಿಗೇ ಚೂರು. ಭಾನುವಾರ ಮತ್ತು ರಾತ್ರಿ ಹೊತ್ತು ತೊಟ್ಟಿ ಬಳಸುವಂತಿಲ್ಲ, ಗಾಜು ಬೀಳುವ ಸದ್ದಿಗೆ ಅಕ್ಕಪಕ್ಕದವರು ಸಿಟ್ಟಾಗುವುದು ನ್ಯಾಯವೇ.

ಚೂರು ಗಾಜನ್ನು 10 ಶೇಕಡಾ ಹೆಚ್ಚು ಸೇರಿಸಿದಂತೆಲ್ಲ ಕುಲುಮೆಯ ಇಂಧನ ಸುಮಾರು 3 ಶೇಕಡಾ ಉಳಿಯುತ್ತದೆ. ಹೀಗಾಗಿ ಕಾರ್ಖಾನೆಗಳು ಶುದ್ಧ ಚೂರಿಗೆ ಕೈಚಾಚಿ ನಿಂತಿವೆ. ಆದರೂ 2022ರಿಂದ ಜಾರಿಯಲ್ಲಿರುವ 90 ಶೇಕಡಾ ಮರುಬಳಕೆಯ ಗುರಿಯನ್ನು ಗಾಜು ಮುಟ್ಟದೆ ಹೋದದ್ದುಂಟು. ತೊಟ್ಟಿಗೆ ಬಂದ ಗಾಜಿಗೆ ಬಾಟಲಿಯಾಗುವ ದಾರಿ ಸಿದ್ಧವಿದೆ, ಎಷ್ಟೋ ಜಾಡಿಗಳು ಉಳಿಕೆ ಕಸದ ಕಪ್ಪು ಡಬ್ಬಿಗೆ ಬಿದ್ದು ಸುಡುವ ಘಟಕಕ್ಕೆ ಹೋಗುತ್ತವೆ. ಮೂಲೆಯ ತೊಟ್ಟಿಗೆ ಹತ್ತು ನಿಮಿಷ ನಡೆಯಬೇಕಾದ ಬೀದಿಗಳಿಗೆ ಇನ್ನಷ್ಟು ತೊಟ್ಟಿ ಕೊಡುವುದು ಶುಲ್ಕ ಪಡೆಯುವವರ ಕರ್ತವ್ಯ.

ಕಾಗದದ ಗುರಿಯೂ 90 ಶೇಕಡಾವೇ, ಅದು ತಲುಪುವುದೂ ಸುಲಭ, ಯಾಕೆಂದರೆ ನೀಲಿ ಡಬ್ಬಿ ಮನೆಯಂಗಳದಲ್ಲೇ ಇದೆ. ಆದರೆ ಆ ಡಬ್ಬಿಯಲ್ಲಿ ಪತ್ರಿಕೆ, ನೋಟುಪುಸ್ತಕಗಳೂ ಬೀಳುತ್ತವೆ, ಅವಕ್ಕೆ ಪ್ಯಾಕಿಂಗ್ ಶುಲ್ಕ ಇಲ್ಲ. ಡಬ್ಬಿ ಸ್ಥಳೀಯ ಆಡಳಿತದ್ದು, ಒಳಗಿನ ರಟ್ಟಿನ ಪಾಲು ಸಿಸ್ಟಂ ಕಂಪನಿಗಳದ್ದು. ಖರ್ಚು ಹಂಚುವಾಗ ತೂಕ ನೋಡಬೇಕೋ ಜಾಗ ನೋಡಬೇಕೋ ಎಂಬುದು ಹಳೆಯ ಜಗಳ. ಪಾರ್ಸೆಲ್ ಪೆಟ್ಟಿಗೆ ಹಗುರ, ಆದರೆ ಅರ್ಧ ಡಬ್ಬಿ ನುಂಗುತ್ತದೆ. ಪೆಟ್ಟಿಗೆ ಚಪ್ಪಟೆ ಮಾಡಿ ಹಾಕಿ ಎಂದು ಗಿರಾಕಿಗೆ ಒಂದು ಸಾಲು ಅಚ್ಚು ಮಾಡಿ ಕಳಿಸಿದರೆ ಅದು ನಿಜಕ್ಕೂ ಉಪಕಾರ.

ಕಾಗದ ಮರುಬಳಕೆ ಎಂದರೆ ದೊಡ್ಡ ತೊಟ್ಟಿಯ ನೀರಿನಲ್ಲಿ ನೆನೆಸಿ ಕಡೆದು ನಾರು ಬಿಡಿಸುವುದು. ನಾರು ಬೇಗ ಬಿಡದ್ದೆಲ್ಲ ಅಲ್ಲಿ ಕಸವೇ. ಪ್ಲಾಸ್ಟಿಕ್ ಪದರದ ಹೊಳೆಯುವ ಡಬ್ಬಿ, ಒದ್ದೆಯಲ್ಲೂ ಹರಿಯದಂತೆ ಮಾಡಿದ ಅಡುಗೆಮನೆ ಟಿಶ್ಯೂ, ಎಣ್ಣೆ ಕುಡಿದ ಕಾಗದ ಇವೆಲ್ಲ ಆ ಜಾತಿ. ಬಿಲ್ಲಿನ ಥರ್ಮಲ್ ಕಾಗದವನ್ನು ಅದರ ರಾಸಾಯನಿಕದಿಂದಾಗಿ ಉಳಿಕೆ ಕಸಕ್ಕೇ ಹಾಕಬೇಕು. ಮಾರಾಟಗಾರರು ಇದರಿಂದ ಕಲಿಯಬೇಕಾದ್ದು ನೇರವಾಗಿದೆ: ಸಿಹಿತಿಂಡಿ ಡಬ್ಬಿಗೆ ಒಳಗಿನಿಂದ ಪ್ಲಾಸ್ಟಿಕ್ ಪದರ ಹಚ್ಚಿಸಿ ಅದು ತೂಕದ 5 ಶೇಕಡಾ ಮುಟ್ಟಿದರೆ ‘ಕಾಗದ’ದ ದರ ಹೋಗಿ ಮಿಶ್ರ ವಸ್ತುವಿನ ದರ ಬರುತ್ತದೆ. ಬಿಡಿಯಾದ ಒಂದು ಬೆಣ್ಣೆಕಾಗದ ಒಳಗೆ ಹಾಸಿದರೆ ಡಬ್ಬಿ ಕಾಗದವಾಗಿಯೇ ಉಳಿಯುತ್ತದೆ.

ಒಂದು ಗಂಭೀರ ತಕರಾರು ಉಳಿದಿದೆ. ಶುಲ್ಕ ಕಿಲೋ ಲೆಕ್ಕದ್ದಾದ್ದರಿಂದ 191 ಗ್ರಾಂ ಜಾಡಿ ಬಿಟ್ಟು ಹತ್ತು ಗ್ರಾಂ ಬಹುಪದರದ ಪೌಚಿಗೆ ಹೋದವರಿಗೆ ಬಿಲ್ಲು ಇಳಿಯಬಹುದು, ಸಾಗಣೆ ಖರ್ಚಂತೂ ಖಂಡಿತ ಇಳಿಯುತ್ತದೆ, ಪೌಚು ಮಾತ್ರ ಮತ್ತೆ ಪೌಚಾಗುವುದಿಲ್ಲ. ಮರುಬಳಕೆಗೆ ಸುಲಭವಾದದ್ದಕ್ಕೆ ರಿಯಾಯಿತಿ ಕೊಡಬೇಕೆಂದು ಕಾಯ್ದೆ ಕಂಪನಿಗಳಿಗೆ ಹೇಳುತ್ತದಾದರೂ, ಸಣ್ಣ ವ್ಯಾಪಾರಿ ದರಪಟ್ಟಿ ತೆರೆದಾಗ ಕಾಣುವುದು ವಸ್ತು ಮತ್ತು ಕಿಲೋ ಅಷ್ಟೇ. ಕರ್ನಾಟಕದಲ್ಲಿ ಇದು ಇನ್ನೂ ಹತ್ತಿರದ ವಿಷಯ. ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಕಾಗದ, ಗಾಜು, ಲೋಹದ ಪ್ಯಾಕಿಂಗ್‌ಗೆ ಉತ್ಪಾದಕರ ಹೊಣೆಗಾರಿಕೆಯ ಕರಡು ನಿಯಮ ಹೊರಡಿಸಿತು. ಬೆಂಗಳೂರಿನ ಒಣಕಸ ಕೇಂದ್ರಗಳಲ್ಲಿ ರಟ್ಟಿಗೆ ಗುಜರಿ ಬೆಲೆ ಇದೆ, ಅದು ತಾನಾಗಿ ಹರಿದು ಹೋಗುತ್ತದೆ. ಗಾಜು ಭಾರ, ಕೈ ಕೊಯ್ಯುತ್ತದೆ, ಕಿಲೋಗೆ ಸಿಗುವುದು ಚಿಲ್ಲರೆ. ಸಾಗಣೆಯ ಖರ್ಚು ಉತ್ಪಾದಕರ ಜೇಬಿನಿಂದ ಬರದೆ ಅದು ಮೂಲೆಯಿಂದ ಏಳುವುದಿಲ್ಲ.

ಜರ್ಮನಿಗೆ ಕಳಿಸುವವರಿಗೆ ಸದ್ಯದ ಸಲಹೆ: ಒಪ್ಪಂದವನ್ನು ಒಂದೊಂದೇ ವರ್ಷಕ್ಕೆ ಮಾಡಿಕೊಳ್ಳಿ. ಯುರೋಪಿಯನ್ ಒಕ್ಕೂಟದ ಹೊಸ ಪ್ಯಾಕಿಂಗ್ ನಿಯಮಾವಳಿ, 2025/40, ಅನ್ವಯವಾಗುವ ದಿನಾಂಕ 2026ರ ಆಗಸ್ಟ್ 12. ಅದರ ಪ್ರಕಾರ ಒಕ್ಕೂಟದ ಹೊರಗಿನ ಮಾರಾಟಗಾರರು ಮಾರುವ ದೇಶದಲ್ಲಿ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕಾಗಬಹುದು. ಪ್ರತಿನಿಧಿಯ ಶುಲ್ಕ ಮೇಲಿನ ಉದಾಹರಣೆಯ ಸುಮಾರು 160 ಕಿಲೋ ಪ್ಯಾಕಿಂಗ್‌ನ ಶುಲ್ಕವನ್ನು ಮೀರಿಸುವುದಾದರೆ, ನಾಲ್ಕೈದು ಸಣ್ಣ ವ್ಯಾಪಾರಿಗಳು ಸೇರಿ ಜರ್ಮನಿಯ ಒಬ್ಬ ಆಮದುದಾರರಿಗೆ ಸಗಟಾಗಿ ಮಾರುವ ಲೆಕ್ಕವನ್ನು ಈಗಲೇ ಹಾಕಿ ನೋಡುವುದು ಲೇಸು.